ನಕ್ಷತ್ರ ತೋರಿದ ದಾರಿ, ಟ್ಯಾರೋ ತೋರುವ ದಾರಿ



ಮೂರು ರಾಜರ ಹಬ್ಬದ ದಿನಗಳಲ್ಲಿ ಅಂತರಸಂತೆಯ ಸುತ್ತಿನ ಕ್ರೈಸ್ತ ಮನೆಗಳಿಗೆ ಹೋಗಿ ತೀರ್ಥ ಪ್ರೋಕ್ಷಿಸಿ, ಬಾಗಿಲ ಮೇಲೆ ಸೀಮೆಸುಣ್ಣದಿಂದ ಹೊಸ ವರ್ಷದ ಅಂಕಿಗಳನ್ನೂ ಸಿ, ಎಂ, ಬಿ ಎಂಬ ಮೂರು ಅಕ್ಷರಗಳನ್ನೂ ಬರೆಯುವ ರೂಢಿಯನ್ನು ನಾವು ಇಟ್ಟುಕೊಂಡಿದ್ದೇವೆ. ಕಾಸ್ಪರ್, ಮೆಲ್ಕಿಯೋರ್, ಬಾಲ್ತಜಾರ್ ಎಂಬ ಮೂವರು ಜ್ಞಾನಿಗಳ ಹೆಸರು ಎಂದು ಕೆಲವರು ಅದನ್ನು ಓದುತ್ತಾರೆ. ಕ್ರಿಸ್ತರು ಈ ಮನೆಯನ್ನು ಆಶೀರ್ವದಿಸಲಿ ಎಂಬ ಲತೀನ್ ಪ್ರಾರ್ಥನೆಯ ಮೊದಲಕ್ಷರಗಳೂ ಅವೇ.

ಕೆಲವು ವರ್ಷಗಳ ಹಿಂದೆ ಹೀಗೆ ಒಂದು ಮನೆಗೆ ಹೋಗಿದ್ದೆವು. ದೇವರ ಪೀಠದಲ್ಲಿ ತಿರುಹೃದಯದ ಪಟದ ಪಕ್ಕ, ಸಂತರ ಸಣ್ಣ ಚಿತ್ರಗಳ ಜೊತೆ, ಬಣ್ಣಬಣ್ಣದ ಎಲೆಗಳ ಒಂದು ಕಟ್ಟು ಇತ್ತು. ಅಜ್ಜಿ ಸಂತೋಷದಿಂದ ಹೇಳಿದರು: "ಮೊಮ್ಮಗಳು ಬೆಂಗಳೂರಿಂದ ತಂದವು ಸ್ವಾಮಿ. ಪೋಪ್ ಸ್ವಾಮಿಗಳ ಪಟ ಐತೆ, ಕಹಳೆ ಊದೋ ಸಮ್ಮನಸ್ಸು ಐತೆ. ಅದಕ್ಕೇ ದೇವರ ಹತ್ರ ಮಡಗಿದೀನಿ." ಅವು ಟ್ಯಾರೋ ಎಲೆಗಳು, ಪಟ್ಟಣಗಳಲ್ಲಿ ಭವಿಷ್ಯ ಹೇಳಲು ಬಳಸುವ ಎಲೆಗಳು. ನಮಗೆ ಸಿಟ್ಟು ಬಂತು. "ಇದು ಪಿಶಾಚಿಯದು, ಒಲೆಗೆ ಹಾಕಿ" ಎಂದುಬಿಟ್ಟೆವು. ಒಳಗಿನಿಂದ ಬಂದ ಮೊಮ್ಮಗಳು ಮೆಲ್ಲಗೆ ಕೇಳಿದಳು: "ಪಿಶಾಚಿಯದಾದರೆ ಇದರಲ್ಲಿ ಪೋಪ್ ಯಾಕಿದ್ದಾರೆ ಫಾದರ್? ಇದು ಸಾವಿರಾರು ವರ್ಷ ಹಳೆಯ ಈಜಿಪ್ಟಿನ ಜ್ಞಾನ ಅಂತ ಪುಸ್ತಕದಲ್ಲಿದೆ. ನೀವು ಓದಿದ್ದೀರಾ?"

ನಾವು ಓದಿರಲಿಲ್ಲ. ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಓದಿದ್ದೆವು, ಇದನ್ನಲ್ಲ. ಬಾಗಿಲ ಮೇಲೆ ಅಕ್ಷರ ಬರೆದು ಹೊರಟುಬಂದೆವು. ಆ ಹುಡುಗಿ ನಂತರ ಅನೇಕ ಭಾನುವಾರ ಪೂಜೆಗೆ ಬರಲಿಲ್ಲ. ಅವಳ ಪ್ರಶ್ನೆ ಮಾತ್ರ ನಮ್ಮ ಜೊತೆಯಲ್ಲೇ ಉಳಿಯಿತು. ಅದರ ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದು ಇಷ್ಟು: ಹುಡುಗಿಯ ಪುಸ್ತಕ ಹೇಳಿದ್ದು ತಪ್ಪು, ನಾವು ಹೇಳಿದ್ದೂ ತಪ್ಪು. ಸತ್ಯಕ್ಕೆ ಹೆಚ್ಚು ಹತ್ತಿರವಿದ್ದವರು ಅಜ್ಜಿ. ಆ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಮೊದಲು ಅವು ಆಟದ ಎಲೆಗಳು

ಇಸ್ಪೀಟು ಎಲೆಗಳು ಯುರೋಪಿನಲ್ಲಿ ಹುಟ್ಟಿದವಲ್ಲ. ಮುಸ್ಲಿಂ ನಾಡುಗಳಿಂದ ಅವು 1370ರ ದಶಕದ ಹೊತ್ತಿಗೆ ಅಲ್ಲಿಗೆ ತಲುಪಿದವು. 1377ರಲ್ಲಿ ಫ್ಲಾರೆನ್ಸ್ ನಗರ ಅವುಗಳಿಗೆ ಕಟ್ಟುಪಾಡು ಹಾಕಿದ ದಾಖಲೆಯಿದೆ. ಈಜಿಪ್ಟನ್ನು ಆಳಿದ ಮಾಮ್ಲೂಕ್ ಸುಲ್ತಾನರ ಕಾಲದ ಒಂದು ಕಟ್ಟು ಇಸ್ತಾಂಬುಲಿನ ಟೋಪ್‌ಕಾಪಿ ಅರಮನೆಯಲ್ಲಿ ಉಳಿದಿದೆ. ಅದರಲ್ಲಿರುವ ಬಟ್ಟಲು, ನಾಣ್ಯ, ಕತ್ತಿ ಮತ್ತು ಪೋಲೋ ಕೋಲುಗಳೇ ಇಟಲಿಯಲ್ಲಿ ಬಟ್ಟಲು, ನಾಣ್ಯ, ಕತ್ತಿ, ದೊಣ್ಣೆಗಳಾದವು.

ಇಟಲಿಯವರು ಸುಮಾರು 1440ರ ಹೊತ್ತಿಗೆ ಈ ನಾಲ್ಕು ಬಣ್ಣಗಳ ಜೊತೆಗೆ ಹೊಸದಾಗಿ ಚಿತ್ರದ ಎಲೆಗಳನ್ನು ಸೇರಿಸಿದರು. ಮಿಲಾನ್, ಫೆರಾರಾ, ಫ್ಲಾರೆನ್ಸ್ ನಗರಗಳ ದಾಖಲೆಗಳಲ್ಲಿ ಇವುಗಳ ಮಾತು ಬರುತ್ತದೆ. ಮಿಲಾನಿನ ವಿಸ್ಕೊಂತಿ ಮತ್ತು ಸ್ಫೋರ್ತ್ಸಾ ಮನೆತನಗಳಿಗಾಗಿ ಚಿನ್ನದ ರೇಕು ಹಚ್ಚಿ ಬರೆದ ಎಲೆಗಳು ಇಂದಿಗೂ ಉಳಿದಿವೆ. ಕೊನೆಗೆ ರೂಢಿಗೆ ಬಂದ ಕಟ್ಟಿನಲ್ಲಿ 56 ಸಾಮಾನ್ಯ ಎಲೆ, 22 ಚಿತ್ರದ ಎಲೆ, ಒಟ್ಟು 78. ಚಿತ್ರದ ಎಲೆಗಳ ಕೆಲಸ ನಮ್ಮ ಇಸ್ಪೀಟಿನಲ್ಲಿ ತುರುಪು ಮಾಡುವ ಕೆಲಸವೇ: ಉಳಿದ ಎಲೆಗಳನ್ನು ಹೊಡೆದು ಪಟ್ಟು ಗೆಲ್ಲುವುದು. ಇಟಲಿ, ಫ್ರಾನ್ಸ್, ಆಸ್ಟ್ರಿಯಾಗಳಲ್ಲಿ ಈ ಆಟವನ್ನು ಈಗಲೂ ಆಡುತ್ತಾರೆ.

ಆ 22 ಚಿತ್ರಗಳಲ್ಲಿ ಏನಿತ್ತು? ಚಕ್ರವರ್ತಿ, ಜಗದ್ಗುರು ಪೋಪ್, ಸನ್ಯಾಸಿ, ಅದೃಷ್ಟದ ಚಕ್ರ, ಮರಣ, ಪಿಶಾಚಿ, ನಕ್ಷತ್ರ, ಚಂದ್ರ, ಸೂರ್ಯ, ಕಡೆಯ ತೀರ್ಪು. ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಕಲಿಸುವ ನಾಲ್ಕು ಮೂಲ ಸದ್ಗುಣಗಳಲ್ಲಿ ನ್ಯಾಯ, ಸ್ಥೈರ್ಯ, ಸಂಯಮ ಎಂಬ ಮೂರು ಅಲ್ಲಿವೆ. ಮಾರ್ಸೇಲ್ ಮಾದರಿಯ ಕಟ್ಟಿನ ಕೊನೆಯ ಎಲೆಯಾದ ಜಗತ್ತು ಎಂಬುದನ್ನು ನೋಡಿ: ನಾಲ್ಕು ಮೂಲೆಗಳಲ್ಲಿ ಮಾನವರೂಪ, ಸಿಂಹ, ಎತ್ತು, ಗರುಡ. ಮತ್ತಾಯ, ಮಾರ್ಕ, ಲೂಕ, ಯೊವಾನ್ನರೆಂಬ ನಾಲ್ವರು ಶುಭಸಂದೇಶಕರ್ತರ ಗುರುತುಗಳು ಇವೇ. ಕಹಳೆಯ ಧ್ವನಿಗೆ ಸತ್ತವರು ಸಮಾಧಿಯಿಂದ ಏಳುವ ಎಲೆ ನಮ್ಮ ವಿಶ್ವಾಸಪ್ರಮಾಣದ ಕೊನೆಯ ಸಾಲುಗಳಿಗೆ ಬರೆದ ಚಿತ್ರದಂತಿದೆ. ದೇವಾಲಯದ ಗೋಡೆಯಲ್ಲಿ ಕಂಡದ್ದನ್ನೇ ಆ ಕಾಲದ ಚಿತ್ರಗಾರ ಆಟದ ಎಲೆಯಲ್ಲೂ ಬರೆದಿದ್ದ. ಅಜ್ಜಿಗೆ ಅವು ದೇವರ ಪಟಗಳಂತೆ ಕಂಡದ್ದರಲ್ಲಿ ಆಶ್ಚರ್ಯವೇನಿದೆ!

ಹಾಗೆಂದು ಧರ್ಮಸಭೆಯವರು ಎಲೆಯಾಟವನ್ನು ಮೆಚ್ಚಿದರೆಂದಲ್ಲ. ಸಿಯೆನಾದ ಸಂತ ಬರ್ನಾರ್ದಿನರು 1423ರಲ್ಲಿ ಬೊಲೊನ್ಯ ನಗರದಲ್ಲಿ ಜೂಜಿನ ವಿರುದ್ಧ ಬೋಧಿಸಿದಾಗ ಜನ ಎಲೆಗಳನ್ನು ತಂದು ಸುಟ್ಟರು. ಹೊಟ್ಟೆಪಾಡು ಹೋಯಿತೆಂದು ಅತ್ತ ಒಬ್ಬ ಎಲೆ ಚಿತ್ರಗಾರನಿಗೆ ಯೇಸುನಾಮದ ಫಲಕ ಬರೆದು ಬದುಕುವಂತೆ ಅವರು ದಾರಿ ತೋರಿದರೆಂಬ ಕಥೆಯೂ ಇದೆ. ಅದೇ ಶತಮಾನದ ಕೊನೆಯ ಭಾಗದ ಒಂದು ಪ್ರಬೋಧನೆಯಲ್ಲಿ 22 ಚಿತ್ರಗಳ ಪಟ್ಟಿಯೇ ಇದೆ; ಪೋಪರನ್ನೂ ಸಮ್ಮನಸ್ಸನ್ನೂ ಜೂಜಿಗೆ ಎಳೆದು ತಂದಿದ್ದಾರೆಂದು ಬೋಧಕರು ಅದರಲ್ಲಿ ಕೋಪಗೊಂಡಿದ್ದಾರೆ. ಅವರ ದೂರು ಜೂಜಿನ ಮೇಲೆ, ಮನೆ ಹಾಳಾಗುವುದರ ಮೇಲೆ. ಟ್ಯಾರೋ ಎಲೆ ಹಾಸಿ ಕಣಿ ಹೇಳುತ್ತಿದ್ದರು ಎಂಬುದಕ್ಕೆ ಹದಿನೆಂಟನೆಯ ಶತಮಾನಕ್ಕಿಂತ ಹಿಂದಿನ ದೃಢವಾದ ಸಾಕ್ಷ್ಯವಿಲ್ಲ. ಸುಮಾರು ಮುನ್ನೂರು ವರ್ಷ ಅವು ಬರೀ ಆಟದ ಎಲೆಗಳಾಗಿದ್ದವು.

ಈ ಚರಿತ್ರೆಯನ್ನು ದಾಖಲೆ ಸಹಿತ ಬಿಡಿಸಿಟ್ಟವರು ಒಬ್ಬ ಕಥೋಲಿಕ ವಿದ್ವಾಂಸರು ಎಂಬುದು ನಮಗೆ ಹೆಮ್ಮೆಯ ವಿಷಯ. ಆಕ್ಸ್‌ಫರ್ಡಿನಲ್ಲಿ ತರ್ಕಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಮೈಕಲ್ ಡಮೆಟ್ (1925–2011) ಅವರು 1944ರಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿದವರು. ಇಂಗ್ಲೆಂಡಿನಲ್ಲಿ ಬಣ್ಣದ ಕಾರಣಕ್ಕೆ ಅವಮಾನಕ್ಕೊಳಗಾದ ವಲಸಿಗರ ಪರ ಹೋರಾಡಿದವರು. 1980ರಲ್ಲಿ ಅವರು ಟ್ಯಾರೋ ಆಟದ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿ ಈಜಿಪ್ಟಿನ ಕಥೆಗೆ ಬುಡವಿಲ್ಲವೆಂದು ತೋರಿಸಿದರು.

ನಮ್ಮ ಮೈಸೂರಿನ ಎಲೆಗಳು

ಇಷ್ಟು ದೂರ ಹೋಗಬೇಕಾಗಿಯೂ ಇರಲಿಲ್ಲ. ಚಿತ್ರದ ಎಲೆಗಳಲ್ಲಿ ನಮ್ಮ ಮೈಸೂರು ಯಾರಿಗೂ ಕಡಿಮೆಯಲ್ಲ. ಪರ್ಷಿಯಾ ಕಡೆಯಿಂದ ಬಂದ ಗಂಜೀಫಾ ಆಟದ ಎಲೆಗಳನ್ನು ಬಾಬರ್ ಚಕ್ರವರ್ತಿ 1527ರಲ್ಲಿ ಸಿಂಧಿನ ಗೆಳೆಯನಿಗೆ ಕಳುಹಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಮೊಗಲರ ಕಟ್ಟಿನಲ್ಲಿ 8 ಬಣ್ಣ, 96 ಎಲೆ. ಹಿಂದೂ ಕಲಾವಿದರ ಕೈಯಲ್ಲಿ ಅದು ದಶಾವತಾರದ ಹತ್ತು ಬಣ್ಣಗಳ 120 ಎಲೆಗಳಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇದನ್ನು ಇನ್ನೂ ಬೆಳೆಸಿದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಆ ದೊರೆ ವಿದ್ಯೆ, ಚಿತ್ರ, ಆಟಗಳಲ್ಲಿ ಮನಸ್ಸಿಟ್ಟರು. ಚದುರಂಗದ ಕುದುರೆ ನಡೆಯ ಬಂಧಗಳಲ್ಲಿ ಅವರು ಹೆಸರಾದವರು. ಅವರ ಶ್ರೀತತ್ತ್ವನಿಧಿ ಎಂಬ ಗ್ರಂಥದ ಕೌತುಕನಿಧಿ ಭಾಗದಲ್ಲಿ ಬಗೆಬಗೆಯ ಎಲೆಯಾಟಗಳ ವಿವರಣೆಯಿದೆ. ಅವುಗಳಲ್ಲಿ ಅತಿ ದೊಡ್ಡ ಕಟ್ಟಿಗೆ 18 ಬಣ್ಣ, 360 ಎಲೆ! ಒಂದೊಂದು ಎಲೆಯ ಮೇಲೂ ದೇವತೆಗಳು, ಗ್ರಹಗಳು, ವಾಹನಗಳು, ಆಯುಧಗಳು. ನಮ್ಮ ಕಾಲದಲ್ಲಿ ಮೈಸೂರಿನ ಕಲಾವಿದ ಗಂಜೀಫಾ ರಘುಪತಿ ಭಟ್ಟರು ಈ ಕಲೆಗೆ ಮತ್ತೆ ಜೀವ ಕೊಟ್ಟರು.

ಯೋಚಿಸಿ ನೋಡೋಣ. ಸಂಕೇತಗಳ ಸಂಖ್ಯೆಯಲ್ಲಿ ಮೈಸೂರು ಗಂಜೀಫಾದ ಮುಂದೆ ಟ್ಯಾರೋ ಸಣ್ಣದು. ಆದರೂ ಕೌತುಕನಿಧಿ ಅವುಗಳನ್ನು ಆಟವೆಂದೇ ಕರೆಯಿತು. ಆಡುತ್ತಾ ದೇವರ ಹೆಸರು ನಾಲಿಗೆಯ ಮೇಲೆ ಬರಲಿ ಎಂಬುದು ಅಲ್ಲಿನ ಆಶಯ. ಯುರೋಪಿನಲ್ಲಿ ಮಾತ್ರ ಆಟದ ಎಲೆ ಪಟ್ಟಕ್ಕೇರಿ ಗ್ರಂಥವಾಯಿತು. ಅದು ಹೇಗಾಯಿತೆಂದು ಈಗ ನೋಡೋಣ.

ಈಜಿಪ್ಟಿನ ಕಥೆ ಹುಟ್ಟಿದ ಬಗೆ

1781ರಲ್ಲಿ ಪ್ಯಾರಿಸ್ಸಿನಲ್ಲಿ ಕೂರ್ ದ ಜೆಬೆಲಾನ್ ಎಂಬ ವಿದ್ವಾಂಸ ತನ್ನ ದೊಡ್ಡ ಗ್ರಂಥದ ಎಂಟನೆಯ ಸಂಪುಟದಲ್ಲಿ ಹೊಸದೊಂದು ವಾದ ಹೂಡಿದ. ಟ್ಯಾರೋ ಎಂಬುದು ಪುರಾತನ ಈಜಿಪ್ಟಿನ ಪುರೋಹಿತರ ಜ್ಞಾನಗ್ರಂಥ, ಬೆಂಕಿಯಿಂದ ಉಳಿಸಲು ಅದನ್ನು ಆಟದ ಎಲೆಗಳಲ್ಲಿ ಬಚ್ಚಿಟ್ಟರು ಎಂಬುದು ಅವನ ಮಾತು. ಆಧಾರ ಏನು? ಒಂದೂ ಇಲ್ಲ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯೋನ್ ಬಿಡಿಸಿದ್ದು 1822ರಲ್ಲಿ. ಅಂದರೆ 1781ರಲ್ಲಿ ಆ ಲಿಪಿಯ ಒಂದು ಸಾಲನ್ನೂ ಓದಬಲ್ಲವರು ಭೂಮಿಯ ಮೇಲಿರಲಿಲ್ಲ. ಓದಲು ಬಾರದ ನಾಡಿನ ಹೆಸರಿನಲ್ಲಿ ಏನು ಹೇಳಿದರೂ ನಡೆಯುತ್ತದೆ. ಮುಂದೆ ಲಿಪಿ ಓದಲು ಬಂದಾಗ ಟ್ಯಾರೋ ಸುಳಿವು ಅಲ್ಲೆಲ್ಲೂ ಸಿಗಲಿಲ್ಲ. ಅಷ್ಟರಲ್ಲಿ ಕಥೆ ಬೇರು ಬಿಟ್ಟಿತ್ತು. ಎತ್ತೇಯ್ಲಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಅಲಿಯೆತ್ ಎಂಬಾತ 1785ರಿಂದ ಟ್ಯಾರೋ ನೋಡಿ ಭವಿಷ್ಯ ಹೇಳುವ ಕ್ರಮವನ್ನು ಪ್ರಕಟಿಸಿದ. ಕಣಿಗೆಂದೇ ಹೊಸ ಕಟ್ಟನ್ನೂ ಮಾಡಿಸಿದ.

ಗುರುಮಠ ಬಿಟ್ಟ ಮನುಷ್ಯ

ಇಲ್ಲಿಂದ ಮುಂದಿನ ಕಥೆ ನಮ್ಮಂಥ ಗುರುಗಳ ಮನಸ್ಸನ್ನು ಚುಚ್ಚುವಂಥದು. ಪ್ಯಾರಿಸ್ಸಿನ ಒಬ್ಬ ಬಡ ಚಮ್ಮಾರನ ಮಗ, 1810ರಲ್ಲಿ ಹುಟ್ಟಿದ ಅಲ್ಫೋನ್ಸ್ ಲೂಯಿ ಕೋನ್ಸ್ತಾನ್ ಎಂಬ ಬುದ್ಧಿವಂತ ಹುಡುಗ, ಗುರುವಾಗಬೇಕೆಂದು ಗುರುಮಠ ಸೇರಿದ. ಹೆಸರಾಂತ ಸಾನ್ ಸುಲ್ಪೀಸ್ ಗುರುಮಠದಲ್ಲಿ ಓದಿ ಡೀಕನ್ ಪದವಿಯವರೆಗೆ ಬಂದ. ಗುರುದೀಕ್ಷೆಗೆ ಮೊದಲೇ, 1836ರಲ್ಲಿ, ಹೊರಗೆ ನಡೆದ. ಆಮೇಲೆ ತನ್ನ ಹೆಸರನ್ನು ಹೀಬ್ರೂ ರೂಪಕ್ಕೆ ತಿರುಗಿಸಿ ಎಲಿಫಾಸ್ ಲೆವಿ ಎಂದು ಕರೆದುಕೊಂಡ. 1854ರಿಂದ 1856ರವರೆಗೆ ಪ್ರಕಟವಾದ ಅವನ ಉನ್ನತ ಮಾಂತ್ರಿಕತೆಯ ಗ್ರಂಥ ಇಡೀ ಪಾಶ್ಚಾತ್ಯ ಮಾಂತ್ರಿಕ ಪಂಥಕ್ಕೆ ತಳಹದಿಯಾಯಿತು.

ಅವನು ಮಾಡಿದ್ದೇನು? 22 ಚಿತ್ರದ ಎಲೆಗಳನ್ನು ಹೀಬ್ರೂ ಭಾಷೆಯ 22 ಅಕ್ಷರಗಳಿಗೆ ಜೋಡಿಸಿದ. ಯೆಹೂದ್ಯರ ಕಬ್ಬಾಲಾ ಎಂಬ ಗೂಢ ವಿದ್ಯೆ, ಜ್ಯೋತಿಷ್ಯ, ಮಾಂತ್ರಿಕತೆ ಎಲ್ಲಕ್ಕೂ ಟ್ಯಾರೋವನ್ನೇ ಬೀಗದ ಕೈ ಮಾಡಿದ. ಬೇರೆ ಪುಸ್ತಕವಿಲ್ಲದ ಸೆರೆಯಾಳು ಕೂಡ ಟ್ಯಾರೋ ಒಂದನ್ನೇ ಬಳಸಿಕೊಂಡು ಕೆಲವು ವರ್ಷಗಳಲ್ಲಿ ಎಲ್ಲ ಜ್ಞಾನವನ್ನೂ ಗಳಿಸಬಹುದೆಂದು ಬರೆದ. ಪವಿತ್ರ ಗ್ರಂಥವಿದ್ದ ಜಾಗದಲ್ಲಿ ಎಲೆಕಟ್ಟನ್ನು ಇಟ್ಟ ಎಂದರೆ ತಪ್ಪಾಗದು. ಸಂಕೇತಗಳನ್ನು ಓದುವ ಕಣ್ಣನ್ನು ಅವನಿಗೆ ಕೊಟ್ಟದ್ದು ನಮ್ಮ ಗುರುಮಠವೇ, ನಮ್ಮ ಪೂಜಾವಿಧಿಯೇ. ಅವನನ್ನು ಬೈಯುವುದು ಸುಲಭ. ಹಸಿದು ಬಂದವನಿಗೆ ನಾವು ಏನು ಬಡಿಸಿದೆವು ಎಂದು ಕೇಳಿಕೊಳ್ಳುವುದು ಕಷ್ಟ.

"ಮೇಲಿನ ಪ್ರಜ್ಞೆ" ಎಂಬ ಏಣಿ

ಲೆವಿಯ ಬೀಜ ಇಂಗ್ಲೆಂಡಿನಲ್ಲಿ ಮರವಾಯಿತು. 1888ರಲ್ಲಿ ಲಂಡನ್ನಿನಲ್ಲಿ ವೆಸ್ಟ್‌ಕಾಟ್, ಮ್ಯಾದರ್ಸ್, ವುಡ್‌ಮನ್ ಎಂಬ ಮೂವರು ಗೋಲ್ಡನ್ ಡಾನ್, ಅಂದರೆ ಬಂಗಾರದ ಉದಯ, ಎಂಬ ಗುಪ್ತ ಸಂಘವನ್ನು ಕಟ್ಟಿದರು. ಕವಿ ಯೇಟ್ಸ್ 1890ರಲ್ಲಿ ಅದನ್ನು ಸೇರಿದರು. ನಿಲುವಂಗಿ, ಧೂಪ, ದೀಪ, ಪಾನಪಾತ್ರೆ, ಮೆಟ್ಟಿಲು ಮೆಟ್ಟಿಲಾದ ದೀಕ್ಷೆಗಳು ಅಲ್ಲಿದ್ದವು. ಕಬ್ಬಾಲಾದ ಜೀವವೃಕ್ಷದ ಹತ್ತು ನೆಲೆಗಳನ್ನು ಕೂಡಿಸುವ 22 ದಾರಿಗಳಿಗೆ ಟ್ಯಾರೋದ 22 ಚಿತ್ರಗಳನ್ನು ಹೊಂದಿಸಿದರು. ಸಾಧಕ ಒಂದೊಂದು ಚಿತ್ರವನ್ನು ಮನಸ್ಸಿನಲ್ಲಿ ನಿಲ್ಲಿಸಿ, ಬಾಗಿಲು ದಾಟಿದಂತೆ ಅದರೊಳಗೆ ಹೊಕ್ಕು, ಕೆಳಗಿನ ಪ್ರಜ್ಞೆಯಿಂದ ಮೇಲಿನ ಪ್ರಜ್ಞೆಗೆ ಏರಬೇಕು. ಒಳಮಟ್ಟದ ದೀಕ್ಷೆಯ ಪ್ರತಿಜ್ಞೆಯಲ್ಲಿ ಮನುಷ್ಯನಿಗಿಂತ ಹೆಚ್ಚಿನವನಾಗುವ ಸಂಕಲ್ಪವೇ ಇತ್ತು.

ಒಂದು ವಿಚಿತ್ರ ನೋಡಿ. ಈ ಸಂಘದವರು ಧ್ಯಾನಕ್ಕೆ ಬಳಸುತ್ತಿದ್ದ ಇನ್ನೊಂದು ಬಗೆಯ ಚಿತ್ರಫಲಕಗಳ ಹೆಸರು ತತ್ತ್ವಗಳು: ಹಳದಿ ಚೌಕ ಪೃಥ್ವಿ, ಬೆಳ್ಳಿಯ ಅರ್ಧಚಂದ್ರ ಅಪ್ಪು, ಕೆಂಪು ತ್ರಿಕೋನ ತೇಜಸ್ಸು, ನೀಲಿ ವೃತ್ತ ವಾಯು, ಮೊಟ್ಟೆಯಾಕಾರದ ಆಕಾಶ. ರಾಮಪ್ರಸಾದ್ ಎಂಬ ಭಾರತೀಯ ಥಿಯಾಸಫಿ ಲೇಖಕರ ಪುಸ್ತಕದಿಂದ ಲಂಡನ್ನಿನವರು ಇದನ್ನು ತೆಗೆದುಕೊಂಡರು. ನಮ್ಮ ನಾಡಿನ ಮಾತು ಹಡಗು ಹತ್ತಿ ಹೋಗಿ, ಇಂಗ್ಲಿಷ್ ಅಂಗಿ ತೊಟ್ಟು, ದುಬಾರಿ ಬೆಲೆಗೆ ನಮ್ಮ ಮಕ್ಕಳಿಗೇ ಮಾರಾಟವಾಗುತ್ತಿದೆ. ಲಂಡನ್ನಿನ ಗೂಢವಿದ್ಯೆಯ ವಲಯದಲ್ಲಿ ತಿರುಗಾಡಿದ್ದ ಪಾಲ್ ಬ್ರಂಟನ್ ಎಂಬ ಲೇಖಕರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿದ್ದು, ವಿ. ಸುಬ್ರಹ್ಮಣ್ಯ ಅಯ್ಯರ್ ಅವರಿಂದ ವೇದಾಂತ ಕಲಿತರು. ಅಂದರೆ "ಮೇಲಿನ ಪ್ರಜ್ಞೆ"ಯ ಹುಡುಕಾಟ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಆ ಹುಡುಕಾಟವನ್ನು ನಾವು ಹಗುರವಾಗಿ ಕಾಣುವುದೂ ಇಲ್ಲ. ಮನುಷ್ಯನ ಹೃದಯದಲ್ಲಿ ಆ ದಾಹವನ್ನಿಟ್ಟವರು ದೇವರೇ.

ಗೋಲ್ಡನ್ ಡಾನ್ ಸಂಘದ ಗತಿ ಏನಾಯಿತು? ಜರ್ಮನಿಯ ಒಬ್ಬ ಮಹಿಳೆಯ ಪತ್ರಗಳಿಂದ ಅಧಿಕಾರ ಬಂದಿದೆ ಎಂದು ಅದು ಹೇಳಿಕೊಂಡಿತ್ತು. ಆ ಪತ್ರಗಳು ಕೃತಕವೆಂದು ಸಂಶೋಧಕರು ತೀರ್ಮಾನಿಸಿದ್ದಾರೆ. 1900ರ ಹೊತ್ತಿಗೆ ಜಗಳವೆದ್ದು ಸಂಘ ಒಡೆಯಿತು. ಮನುಷ್ಯರಿಗಿಂತ ಹೆಚ್ಚಿನವರಾಗಲು ಹೊರಟವರು ಮನುಷ್ಯರಂತೆಯೇ ಕಿತ್ತಾಡಿದರು. ಇದನ್ನು ನಗಲು ಹೇಳುತ್ತಿಲ್ಲ. ಪಂಗಡ ಕಟ್ಟಿ ಕಿತ್ತಾಡುವುದು ನಮ್ಮ ಧರ್ಮಕೇಂದ್ರಗಳಲ್ಲೂ ಇದೆ. ಆದರೆ ಏಣಿ ಹತ್ತಿದವರೆಲ್ಲ ಮೇಲೆ ಹೋಗಿದ್ದಾರೆಂದು ನಂಬುವ ಮುನ್ನ ಇದನ್ನು ತಿಳಿದಿರುವುದು ಒಳ್ಳೆಯದು.

ಚಿತ್ರ ಬರೆದ ಹೆಣ್ಣುಮಗಳು

ಅಜ್ಜಿಯ ಮನೆಯಲ್ಲಿದ್ದ ಕಟ್ಟು ಆ ಸಂಘದಿಂದಲೇ ಬಂದದ್ದು. ಬಾಲ್ಯದಲ್ಲಿ ಕಥೋಲಿಕರಾಗಿ ಬೆಳೆದು ಆಮೇಲೆ ಗೂಢವಿದ್ಯೆಗೆ ಹೋದ ಆರ್ಥರ್ ಎಡ್ವರ್ಡ್ ವೇಯ್ಟ್ ಅದನ್ನು ಯೋಜಿಸಿದರು. ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ 1909ರಲ್ಲಿ ಕೆಲವೇ ತಿಂಗಳುಗಳಲ್ಲಿ ಚಿತ್ರಗಳನ್ನೆಲ್ಲ ಬರೆದರು. ದೊಡ್ಡ ಕೆಲಸಕ್ಕೆ ಬಹಳ ಕಡಿಮೆ ಹಣ ಬಂತೆಂದು ಆಕೆಯೇ ಒಂದು ಪತ್ರದಲ್ಲಿ ಹೇಳಿಕೊಂಡಿದ್ದಾರೆ. ಜಗತ್ತಿನ ತುಂಬ ಮಾರಾಟವಾದ ಆ ಕಟ್ಟಿಗೆ ಪ್ರಕಾಶಕರಾದ ರೈಡರ್ ಮತ್ತು ವೇಯ್ಟ್ ಅವರ ಹೆಸರು ನಿಂತಿತು, ಬರೆದವರ ಹೆಸರು ಮರೆಯಾಯಿತು.

ಎರಡೇ ವರ್ಷಗಳ ನಂತರ, 1911ರಲ್ಲಿ, ಪಮೇಲಾ ಕಥೋಲಿಕ ಧರ್ಮಸಭೆ ಸೇರಿದರು. ಮುಂದೆ ಇಂಗ್ಲೆಂಡಿನ ದಕ್ಷಿಣ ತುದಿಯ ಕಾರ್ನ್‌ವಾಲಿನಲ್ಲಿ ಗುರುಗಳು ಬಂದು ದಣಿವಾರಿಸಿಕೊಳ್ಳುವ ವಿಶ್ರಾಂತಿಗೃಹವೊಂದನ್ನು ನಡೆಸಿದರು. 1951ರಲ್ಲಿ ಬಡತನದಲ್ಲೇ ತೀರಿಕೊಂಡರು. ಮೇಲಿನ ಪ್ರಜ್ಞೆಗೆ 78 ಬಾಗಿಲುಗಳನ್ನು ಬರೆದ ಕೈಗಳು ಕೊನೆಗೆ ಅತಿಥಿಗಳಿಗೆ ಹಾಸಿಗೆ ಹಾಸುತ್ತಿದ್ದವು. ಎಲೆಗಳಲ್ಲಿ ಸಿಗದೇ ಇದ್ದದ್ದು ಆಕೆಗೆ ಪರಮಪ್ರಸಾದದಲ್ಲಿ, ಸೇವೆಯಲ್ಲಿ ಸಿಕ್ಕಿತೆಂದು ನಾವು ನಂಬುತ್ತೇವೆ.

ಹಾಗಾದರೆ ಹೇಳಿದ್ದು ಹೊಂದುವುದೇಕೆ?

"ಆದರೂ ಫಾದರ್, ಅವರು ಹೇಳಿದ್ದು ಸರಿಯಾಗಿತ್ತು" ಎನ್ನುವವರು ಇದ್ದಾರೆ. 1948ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ "ಇದು ನಿಮ್ಮೊಬ್ಬರದೇ ಸ್ವಭಾವ ವಿವರಣೆ" ಎಂದು ಒಂದೊಂದು ಹಾಳೆ ಕೊಟ್ಟು, ಎಷ್ಟು ಸರಿ ಎಂದು ಐದಕ್ಕೆ ಅಂಕ ಹಾಕಿಸಿದರು. ಸರಾಸರಿ 4ಕ್ಕಿಂತ ಹೆಚ್ಚು ಬಂತು. ಆಮೇಲೆ ನೋಡಿದರೆ ಎಲ್ಲರಿಗೂ ಕೊಟ್ಟದ್ದು ಒಂದೇ ಹಾಳೆ! "ನಿಮ್ಮ ಮನಸ್ಸಿನಲ್ಲಿ ಒಂದು ನೋವಿದೆ, ಹೊರಗೆ ಹೇಳಿಕೊಳ್ಳುವುದಿಲ್ಲ" ಎಂದರೆ ಹೌದೆನ್ನದವರು ಯಾರು? ಜಾತ್ರೆಯಲ್ಲಿ ಗಿಣಿ ಶಾಸ್ತ್ರದವನ ಗಿಣಿ ಎಲೆ ಎತ್ತಿದಾಗ ನಾವು ನಗುತ್ತೇವೆ. ಅದೇ ಎಲೆಯನ್ನು ಇಂಗ್ಲಿಷ್ ಮಾತನಾಡುವವರು ಫೋನಿನಲ್ಲಿ ಎತ್ತಿದರೆ ವಿಜ್ಞಾನ ಎನ್ನುತ್ತೇವೆ. ಗಿಣಿಯವನು ಹತ್ತಿಪ್ಪತ್ತು ರೂಪಾಯಿಗೆ ಬಿಡುತ್ತಾನೆ ಎಂಬುದೇ ವ್ಯತ್ಯಾಸ.

ಧರ್ಮೋಪದೇಶಕಾಂಡದ 18ನೇ ಅಧ್ಯಾಯ ಕಣಿ ಕೇಳುವುದನ್ನೂ ಮಾಟ ಮಂತ್ರವನ್ನೂ ನಿಷೇಧಿಸುತ್ತದೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2116 ಮತ್ತು 2117ನೇ ಕಂಡಿಕೆಗಳು ಅದನ್ನೇ ವಿವರಿಸುತ್ತವೆ: ಕಾಲದ ಮೇಲೆ, ಚರಿತ್ರೆಯ ಮೇಲೆ, ಕೊನೆಗೆ ಇತರ ಮನುಷ್ಯರ ಮೇಲೆ ಹಿಡಿತ ಬೇಕೆನ್ನುವ ಆಸೆ ಇದರ ಬೇರು. ಹೊಸಯುಗದ ಪಂಥಗಳ ಬಗ್ಗೆ ವ್ಯಾಟಿಕನ್ನಿನ ಎರಡು ಮಂಡಳಿಗಳು 2003ರಲ್ಲಿ ಹೊರತಂದ ದಾಖಲೆ, ಆ ದಾರಿ ಹಿಡಿದವರ ದಾಹವನ್ನು ಗೌರವದಿಂದ ಅರಿತುಕೊಳ್ಳಬೇಕೆಂದೂ ಹೇಳುತ್ತದೆ. 2018ರಲ್ಲಿ ಜಗದ್ಗುರು ಫ್ರಾನ್ಸಿಸರು ಪಾವಿತ್ರ್ಯವನ್ನು ಕುರಿತ ತಮ್ಮ ಪತ್ರದಲ್ಲಿ ಎಚ್ಚರಿಸಿದರು: ಎಷ್ಟು ತಿಳಿದಿದ್ದೇವೆ ಎಂಬುದರಿಂದ ನಾವು ಪರಿಪೂರ್ಣರಾಗುವುದಿಲ್ಲ, ಎಷ್ಟು ಪ್ರೀತಿಸುತ್ತೇವೆ ಎಂಬುದರಿಂದ ಆಗುತ್ತೇವೆ.

ಹೆರೋದನ ಪ್ರಶ್ನೆ, ಜ್ಞಾನಿಗಳ ಪ್ರಶ್ನೆ

ಈಗ ಹಬ್ಬಕ್ಕೆ ಬರೋಣ. ಪೂರ್ವದಿಂದ ಬಂದ ಜ್ಞಾನಿಗಳನ್ನು ಸಂತ ಮತ್ತಾಯರು ಗ್ರೀಕಿನಲ್ಲಿ ಮಾಗೊಯ್ ಎಂದು ಕರೆಯುತ್ತಾರೆ. ಮ್ಯಾಜಿಕ್ ಎಂಬ ಮಾತು ಹುಟ್ಟಿದ್ದು ಅದೇ ಬೇರಿನಿಂದ. ಅವರು ನಕ್ಷತ್ರ ನೋಡುವವರು, ಸಂಕೇತ ಓದುವವರು. ದೇವರು ಅವರನ್ನು ತಿರಸ್ಕರಿಸಲಿಲ್ಲ. ಅವರಿಗೆ ಗೊತ್ತಿದ್ದ ಭಾಷೆಯಲ್ಲೇ ಕರೆದರು. ಆದರೆ ಗಮನಿಸಿ: ಬರೀ ನಕ್ಷತ್ರದ ಲೆಕ್ಕ ಅವರನ್ನು ಮೊದಲು ಕರೆದೊಯ್ದದ್ದು ಜೆರುಸಲೇಮಿಗೆ, ರಾಜ ಹೆರೋದನ ಊರಿಗೆ. ಬೆತ್ಲೆಹೇಮ್ ಎಂಬ ಊರಿನ ಹೆಸರು ತಿಳಿದದ್ದು ಪ್ರವಾದಿ ಮೀಕನ ಗ್ರಂಥ ತೆರೆದಾಗ.

ಆ ಊರಿನಲ್ಲಿ ಎರಡು ಪ್ರಶ್ನೆಗಳಿದ್ದವು. ಹೆರೋದ ಗುಟ್ಟಾಗಿ ಕೇಳಿದ: ನಕ್ಷತ್ರ ಕಂಡ ಕಾಲ ಯಾವುದು? ಜ್ಞಾನಿಗಳು ಬಹಿರಂಗವಾಗಿ ಕೇಳಿದರು: ಆರಾಧಿಸಲು ಬಂದಿದ್ದೇವೆ, ಅವರೆಲ್ಲಿ? ಹೆರೋದನಿಗೂ ಭವಿಷ್ಯ ಬೇಕಿತ್ತು. ಭಯದಿಂದ, ಸಿಂಹಾಸನ ಉಳಿಸಿಕೊಳ್ಳುವುದಕ್ಕಾಗಿ. ಆ ಪ್ರಶ್ನೆಯ ಕೊನೆ ಬೆತ್ಲೆಹೇಮಿನ ಹಸುಗೂಸುಗಳ ರಕ್ತ. ಜ್ಞಾನಿಗಳ ಪ್ರಶ್ನೆಯ ಕೊನೆ ತಾಯಿಯ ಮಡಿಲಲ್ಲಿದ್ದ ಶಿಶುವಿನ ಮುಂದೆ ಮಂಡಿಯೂರುವುದು. ಕಣಿ ಕೇಳುವುದರ ತಪ್ಪು ಎಲೆಯಲ್ಲಿ ಇಲ್ಲ, ಗಿಣಿಯಲ್ಲೂ ಇಲ್ಲ. ನಾವು ಯಾರ ಪ್ರಶ್ನೆಯನ್ನು ಕೇಳುತ್ತಿದ್ದೇವೆ ಎಂಬುದರಲ್ಲಿದೆ. ಅಂತಿಯೋಕ್ಯದ ಸಂತ ಇಗ್ನಾಸಿಯವರು ಎರಡನೆಯ ಶತಮಾನದ ಆರಂಭದಲ್ಲೇ ಎಫೆಸದವರಿಗೆ ಬರೆದ ಪತ್ರದಲ್ಲಿ, ಆ ನಕ್ಷತ್ರ ಮೂಡಿದಾಗ ಮಾಂತ್ರಿಕತೆಯ ಕಟ್ಟುಗಳೆಲ್ಲ ಕಳಚಿದವೆಂದು ಸಾರಿದರು. ಮನುಷ್ಯ ಏಣಿ ಹಾಕಿ ದೇವರಾಗಲು ಹೋಗಬೇಕಿಲ್ಲ. ದೇವರೇ ಮನುಷ್ಯರಾಗಿ ಇಳಿದು ಬಂದಿದ್ದಾರೆ. ನಮ್ಮ ವಿಶ್ವಾಸದ ಪ್ರಕಾರ ಮೇಲಿನ ಪ್ರಜ್ಞೆಯೆಂದರೆ ಇದೇ: ಕೊಟ್ಟಿಗೆಯಲ್ಲಿ ಮಲಗಿದ ಮಗುವಿನಲ್ಲಿ ದೇವರನ್ನು ಗುರುತಿಸುವ ಕಣ್ಣು.

ನಿರ್ಧಾರ ತೆಗೆದುಕೊಳ್ಳಲಾಗದೆ ಒದ್ದಾಡುವವರಿಗೆ ಧರ್ಮಸಭೆಯಲ್ಲಿ ದಾರಿಯಿಲ್ಲವೇ? ಇದೆ. ಲೊಯೋಲದ ಸಂತ ಇಗ್ನಾಸಿಯವರು ಕಲಿಸಿದ ವಿವೇಚನೆಯ ಕ್ರಮವಿದೆ. ಮನಸ್ಸು ಕತ್ತಲಲ್ಲಿರುವಾಗ ಹಿಂದೆ ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಿಸಬಾರದು. ಪ್ರಾರ್ಥಿಸಿ, ಸಾಧಕ ಬಾಧಕ ತೂಗಿ, ಅನುಭವಿಯೊಬ್ಬರಲ್ಲಿ ತೆರೆದು ಹೇಳಿಕೊಂಡು ಆರಿಸಬೇಕು. ಆದರೆ ಹೇಳಿಕೊಳ್ಳಲು ಬಂದವರಿಗೆ ನಮ್ಮಲ್ಲಿ ಬಿಡುವಿರಬೇಕು. ಫೋನಿನಲ್ಲಿ ಕಣಿ ಹೇಳುವವರು ಹಣ ತೆಗೆದುಕೊಂಡರೂ ಅರ್ಧ ಗಂಟೆ ಕಿವಿಗೊಡುತ್ತಾರೆ. ನಾವು ಗುರುಗಳು, ನೀವು ತಂದೆತಾಯಿಗಳು ಕಳೆದ ವಾರ ಮನೆಯ ಮಕ್ಕಳ ಮಾತಿಗೆ ಎಷ್ಟು ಹೊತ್ತು ಕಿವಿಗೊಟ್ಟಿದ್ದೇವೆ?

ಮರುವರ್ಷದ ಹಬ್ಬದಲ್ಲಿ ನಾವು ಮತ್ತೆ ಆ ಮನೆಗೆ ಹೋದೆವು. ಹಿಂದಿನ ವರ್ಷದ ಒರಟು ಮಾತಿಗೆ ಮೊದಲು ಕ್ಷಮೆ ಕೇಳಿದೆವು. ಆಮೇಲೆ ಮೇಲಿನ ಚರಿತ್ರೆಯನ್ನೆಲ್ಲ ಹೇಳಿದೆವು. ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ತಂದೆ ತೀರಿಕೊಂಡಾಗಿನಿಂದ ಪ್ರತಿ ಶನಿವಾರ ಹಣ ಕಟ್ಟಿ ಫೋನಿನಲ್ಲಿ ಎಲೆ ಕೇಳುತ್ತಿದ್ದೆ, ಕೆಲಸ ಬದಲಿಸಬೇಕೇ ಎಂಬುದರಿಂದ ಹಿಡಿದು ಅಮ್ಮನಿಗೆ ಫೋನ್ ಮಾಡಬೇಕೇ ಎಂಬುದರವರೆಗೆ ಎಲ್ಲವನ್ನೂ ಕೇಳುತ್ತಿದ್ದೆ ಎಂದಳು. ಈಗ ಅವಳು ಹಾಗೆ ಕೇಳುವುದನ್ನು ಬಿಟ್ಟಿದ್ದಾಳೆ. ಎಲೆಯ ಕಟ್ಟು ಪೆಟ್ಟಿಗೆಯಲ್ಲೇ ಇದೆಯಂತೆ. ನಾವು ಒತ್ತಾಯಿಸಿಲ್ಲ. ಎಫೆಸದಲ್ಲಿ ಐವತ್ತು ಸಾವಿರ ಬೆಳ್ಳಿನಾಣ್ಯ ಬೆಲೆಯ ಮಾಟದ ಪುಸ್ತಕಗಳನ್ನು ಸುಟ್ಟರೆಂದು ಪ್ರೇಷಿತರ ಕಾರ್ಯಕಲಾಪಗಳ 19ನೇ ಅಧ್ಯಾಯದಲ್ಲಿದೆ. ಪೌಲರು ಸುಡಿ ಎಂದರೆಂದು ಅಲ್ಲಿಲ್ಲ. ವಿಶ್ವಾಸ ಬಂದ ಮೇಲೆ ಜನರೇ ತಂದು ಸುಟ್ಟರು.

ಹೊರಡುವಾಗ ಅಜ್ಜಿ ಕೇಳಿದರು: "ಹಂಗಾದ್ರೆ ಆ ಸಮ್ಮನಸ್ಸಿನ ಪಟ ಒಂದನ್ನ ಮಡಿಕೊಳ್ಳಬೋದಾ ಸ್ವಾಮಿ?" ನಮಗೆ ನಗು ಬಂತು. "ಸಮ್ಮನಸ್ಸು ನಮ್ಮವರೇ ಅಜ್ಜಿ. ಅವರ ಜೊತೆ ಪ್ರಾರ್ಥನೆ ಮಾಡಿ, ಭವಿಷ್ಯ ಕೇಳಬೇಡಿ" ಎಂದೆವು. ಹುಡುಗಿಯೇ ಕುರ್ಚಿ ತಂದಿಟ್ಟು, ಮೇಲೆ ಹತ್ತಿ, ಬಾಗಿಲ ಮೇಲೆ ಸೀಮೆಸುಣ್ಣದಿಂದ ಆ ಮೂರು ಅಕ್ಷರಗಳನ್ನು ಬರೆದಳು.

ಜ್ಞಾನಿಗಳು ಬಂದ ದಾರಿಯಲ್ಲಿ ಹಿಂದಿರುಗಲಿಲ್ಲ, ಬೇರೆ ದಾರಿಯಿಂದ ತಮ್ಮ ನಾಡಿಗೆ ಹೋದರು. ಈ ವರ್ಷ ನಾಳೆಯ ಭಯ ನಮ್ಮ ಮನೆಗಳಿಗೆ ಬಂದಾಗ ನಾವೂ ಹೆರೋದನ ಅರಮನೆಯ ದಾರಿ ಬಿಟ್ಟು ಬೆತ್ಲೆಹೇಮಿನ ದಾರಿ ಹಿಡಿಯುವಂತೆ ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಬಾಲಯೇಸು ನಿಮ್ಮ ಮನೆಗಳನ್ನೂ ಮಕ್ಕಳನ್ನೂ ಆಶೀರ್ವದಿಸಲಿ. ಆಮೆನ್.